ಹೆಬ್ಬೆಟ್ಟಿಗೂ ಬೀಗ ಬೇಕು
ತೋಟಕ್ಕೆ ಬೇಲಿ, ಅಡಿಕೆ ಉಗ್ರಾಣಕ್ಕೆ ಬೀಗ ಹಾಕುವುದನ್ನು ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಈಗ ಬೆರಳಚ್ಚಿಗೂ ಬೀಗ ಹಾಕಬೇಕಾದ ಕಾಲ ಬಂದಿದೆ.

2023ರಲ್ಲಿ ಮಂಗಳೂರಿನಲ್ಲಿ, ಉಪನೋಂದಣಿ ಕಚೇರಿಯಲ್ಲಿ ಆಸ್ತಿ ನೋಂದಾಯಿಸಿದ್ದ ಹಲವರ ಬ್ಯಾಂಕ್ ಖಾತೆಗಳಿಂದ ಅವರಿಗೆ ತಿಳಿಯದಂತೆಯೇ ಹಣ ಹೋಯಿತು. ಕಾವೇರಿ 2.0 ಜಾಲತಾಣದ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು, ಆಧಾರ್ ಸಂಖ್ಯೆಗಳನ್ನು ವಂಚಕರು ಬಳಸಿದ್ದರೆಂದು ಪೊಲೀಸರು ತಿಳಿಸಿದರು. ಆ ಅಕ್ಟೋಬರಿನಲ್ಲಿ ಬಿಹಾರದ ಮೂವರ ಬಂಧನವಾಯಿತು.

ಆಧಾರ್ ಮೂಲಕ ಹಣ ತೆಗೆಯುವ ಯಂತ್ರಕ್ಕೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟೇ ಸಾಕು. ಪಿನ್, ಓಟಿಪಿ ಬೇಕಿಲ್ಲ. ಪಿನ್ ಕದ್ದರೆ ಬದಲಿಸಬಹುದು, ಬೆರಳನ್ನು ಬದಲಿಸಲಾದೀತೇ?

ಅರ್ಗಾ, ಅಂಕೋಲಾ ಕಡೆಯ ನಮ್ಮ ಸದಸ್ಯರಲ್ಲೂ ಕ್ರಯಪತ್ರ, ವಿಭಾಗಪತ್ರಗಳಿಗೆ ಹೆಬ್ಬೆಟ್ಟು ಒತ್ತಿದವರಿದ್ದಾರೆ. ಆದ್ದರಿಂದ ಸದಸ್ಯರು ಗಮನಿಸಬೇಕಾದ ಸಂಗತಿಗಳು:

1. ಆಧಾರಿನ ಅಧಿಕೃತ ಆ್ಯಪಿನಲ್ಲಿ ‘ಬಯೋಮೆಟ್ರಿಕ್ ಲಾಕ್’ ಮಾಡಿರಿ. ಆಧಾರಿಗೆ ನಿಮ್ಮ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ಪಡಿತರಕ್ಕೆ ಬೆರಳು ಒತ್ತಬೇಕಾದಾಗ ತಾತ್ಕಾಲಿಕವಾಗಿ ತೆರೆಯಬಹುದು.

2. ಆಧಾರ್ ಪ್ರತಿ ಕೊಡುವಾಗ, ಒಪ್ಪುವಲ್ಲೆಲ್ಲ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನೇ ಕೊಡಿರಿ.

3. ಹಣ ಹೋದುದು ತಿಳಿದೊಡನೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ಲಿಖಿತ ದೂರು ಕೊಡಿರಿ. ತಡವಾದಷ್ಟೂ ಹಣ ಕೈಬದಲಾಗುತ್ತದೆ.

ಮನೆಯ ಹಿರಿಯರ ಆಧಾರಿಗೂ ಮಕ್ಕಳು ಇದೇ ಬೀಗ ಹಾಕಿಕೊಡಲಿ.