ಹುಡುಗಿಯರ ಮೊಣಕಾಲಿಗೆ ಹದಿನೈದು ನಿಮಿಷ

ಕೇರಳದಲ್ಲಿ ನಾವಿರುವಂತೆ ತಮಿಳುನಾಡಿನ ಅಂಚಿನಲ್ಲೂ ಕನ್ನಡಿಗರಿದ್ದಾರೆ. ಈರೋಡು ಜಿಲ್ಲೆಯ ತಾಳವಾಡಿ ಅಂಥದೊಂದು ಗುಡ್ಡಸೀಮೆ. ಡಾ. ರಾಜಕುಮಾರರ ಗಾಜನೂರು ಇರುವುದು ಅಲ್ಲಿಯೇ. ಅಲ್ಲಿನವರು ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ದಿಂಬಂ ಘಟ್ಟದ 27 ಹೇರ್‌ಪಿನ್ ತಿರುವುಗಳನ್ನು ಇಳಿಯಬೇಕು, ಇಲ್ಲವೇ ಗಡಿ ದಾಟಿ ಚಾಮರಾಜನಗರಕ್ಕೆ ಬರಬೇಕು.

ಇಂಥ ಊರಿನಲ್ಲಿ ಖೋ-ಖೋ ಆಡುವ ಹುಡುಗಿಯೊಬ್ಬಳು ಮೊಣಕಾಲು ಹಿಡಿದುಕೊಂಡು ಕುಸಿದಳೆನ್ನಿ. ಮನೆಯವರು ಉಳುಕೆಂದು ಎಣ್ಣೆ ತಿಕ್ಕುತ್ತಾರೆ. ಕೆಲವು ವಾರಗಳಲ್ಲಿ ಬಾವು ಇಳಿದು ಅವಳು ನಡೆದಾಡುತ್ತಾಳೆ ಕೂಡ. ಆದರೆ ಓಡುತ್ತ ಗಕ್ಕನೆ ತಿರುಗಿದರೆ ಕಾಲು ಸೋಲುತ್ತದೆ. ಅಲ್ಲಿಗೆ ಅವಳ ಆಟ ಮುಗಿಯಿತು.

ಮೊಣಕಾಲಿನೊಳಗೆ ಕಿರುಬೆರಳಿನ ಗಾತ್ರದ ಒಂದು ಅಸ್ಥಿರಜ್ಜು ಇದೆ. ಲಿಗಮೆಂಟ್ ಎಂದು ವೈದ್ಯರು ಹೇಳುವುದು ಇದನ್ನೇ. ಕೆಳಗಾಲಿನ ಮೂಳೆ ಮುಂದಕ್ಕೆ ಜಾರದಂತೆ, ಮಿತಿಮೀರಿ ತಿರುಚಿಕೊಳ್ಳದಂತೆ ಅದು ಹಿಡಿದಿಡುತ್ತದೆ. ಪೂರ್ತಿ ಹರಿದರೆ ತಾನಾಗಿ ಕೂಡಿಕೊಳ್ಳುವುದು ಅಪರೂಪ. ಶಸ್ತ್ರಕ್ರಿಯೆ ಮಾಡಿಸಿದರೂ ಮತ್ತೆ ಮೈದಾನಕ್ಕಿಳಿಯಲು ಸುಮಾರು ಒಂಬತ್ತು ತಿಂಗಳು ಬೇಕು. ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಸ್ಟ್ರೆಚರಿನಲ್ಲಿ ಹೊರಹೋದವರು, 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು. ಅಂಥ ಆರೈಕೆ ಗುಡ್ಡದ ಶಾಲೆಯ ಹುಡುಗಿಗೆ ಎಲ್ಲಿಂದ ಬರಬೇಕು?

ವಿನೇಶರಿಗೆ ಎದುರಾಳಿಯ ಪಟ್ಟಿನಲ್ಲಿ ಪೆಟ್ಟಾಯಿತು. ಹೆಚ್ಚಿನ ಹುಡುಗಿಯರ ವಿಷಯದಲ್ಲಿ ಹಾಗಲ್ಲ. ಯಾರೂ ಮುಟ್ಟಿರುವುದೇ ಇಲ್ಲ. ಹಾರಿ ನೆಲಕ್ಕಿಳಿಯುವಾಗಲೋ ಓಟದ ದಿಕ್ಕು ಬದಲಿಸುವಾಗಲೋ ಪಾದ ನೆಲಕ್ಕೆ ನೆಟ್ಟಿರುತ್ತದೆ, ಕಾಲು ಸಾಕಷ್ಟು ಮಡಚಿರುವುದಿಲ್ಲ, ಮೊಣಕಾಲು ಒಳಕ್ಕೆ ವಾಲುತ್ತದೆ. ಕಣ್ಣು ಮಿಟುಕಿಸುವುದರೊಳಗೆ ರಜ್ಜು ಹರಿದಿರುತ್ತದೆ. ಒಂದೇ ಆಟವನ್ನು ಆಡುವ ಹುಡುಗರಿಗಿಂತ ಹುಡುಗಿಯರಿಗೆ ಈ ಅಪಾಯ ಹಲವು ಪಟ್ಟು ಹೆಚ್ಚು. ಪ್ರಾಯಕ್ಕೆ ಬರುವಾಗ ಇಬ್ಬರ ಎಲುಬೂ ಉದ್ದವಾಗುತ್ತದೆ. ಹುಡುಗರ ಮಾಂಸಖಂಡ ಅದಕ್ಕೆ ತಕ್ಕಂತೆ ಬಲಿಯುತ್ತದೆ, ಹುಡುಗಿಯರದು ಅಷ್ಟಾಗಿ ಬಲಿಯುವುದಿಲ್ಲ. ಇದೊಂದೇ ಕಾರಣವಲ್ಲ, ಆದರೆ ನಾವು ಸರಿಪಡಿಸಬಹುದಾದದ್ದು ಇದು.

ಸರಿಪಡಿಸಬಹುದು ಎಂಬುದಕ್ಕೆ ಸ್ವೀಡನ್ನಿನಲ್ಲಿ ಆಧಾರ ಸಿಕ್ಕಿದೆ. 12ರಿಂದ 17 ವರ್ಷದ 4,564 ಫುಟ್‌ಬಾಲ್ ಹುಡುಗಿಯರ ಮೇಲೆ ನಡೆದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಬಾರಿ, ಹದಿನೈದು ನಿಮಿಷದ ವ್ಯಾಯಾಮ ಮಾಡಿದ ತಂಡಗಳಲ್ಲಿ ಈ ರಜ್ಜು ಹರಿಯುವುದು ಶೇಕಡಾ 64ರಷ್ಟು ತಗ್ಗಿತು. ವ್ಯಾಯಾಮವಾದರೂ ಏನು? ಒಂಟಿಕಾಲಲ್ಲಿ ನಿಂತು ಅರ್ಧ ಬಸ್ಕಿ, ಎರಡೂ ಕಾಲಲ್ಲಿ ಬಸ್ಕಿ, ಅಂಗಾತ ಮಲಗಿ ಸೊಂಟ ಎತ್ತುವುದು, ಮೊಣಕೈ ಊರಿ ಮೈಯನ್ನು ಹಲಗೆಯಂತೆ ಹಿಡಿಯುವುದು, ಕಾಲು ಮುಂದಿಟ್ಟು ಬಗ್ಗುವುದು, ಕೊನೆಗೆ ಹಾರಿ ಮೆತ್ತಗೆ ಇಳಿಯುವುದು. ಇಳಿದಾಗ ಸದ್ದಾಗಬಾರದು, ಮೊಣಕಾಲು ಪಾದದ ಬೆರಳುಗಳ ನೇರಕ್ಕೇ ಇರಬೇಕು. ಇದಕ್ಕೆ ಯಂತ್ರ ಬೇಡ, ಮಣ್ಣಿನ ಅಂಗಳ ಸಾಕು. ತಪ್ಪಿದ್ದನ್ನು ನೋಡಿ ತಿದ್ದುವ ಒಬ್ಬ ಶಿಕ್ಷಕ ಮಾತ್ರ ಬೇಕು.

ಕುಂಟೆಬಿಲ್ಲೆ ಆಡಿದವರಿಗೆ ಇದರಲ್ಲಿ ಅರ್ಧ ಗುರುತು ಸಿಕ್ಕೀತು. ಒಂಟಿಕಾಲಲ್ಲಿ ಕುಪ್ಪಳಿಸಿ, ಗೆರೆ ತುಳಿಯದೆ ನಿಂತು, ಬಗ್ಗಿ ಬಿಲ್ಲೆ ಎತ್ತುವ ಆಟ ಅದು. ವಿಚಿತ್ರವೆಂದರೆ, ಮೈ ನೆರೆಯುತ್ತಿದ್ದಂತೆ ನಮ್ಮ ಮನೆಗಳಲ್ಲಿ ಹುಡುಗಿಯರಿಗೆ ಅದನ್ನು ಬಿಡಿಸುತ್ತಿದ್ದರು. ಅವರ ಮೊಣಕಾಲಿಗೆ ಅದು ಹೆಚ್ಚು ಬೇಕಾದದ್ದು ಆ ವಯಸ್ಸಿನಲ್ಲೇ.

ವಲಯ ಮಟ್ಟದ ಪಂದ್ಯಕ್ಕೆ ವಾರವಿರುವಾಗ ತಂಡ ಕಟ್ಟಿ, ಮೈ ಬಿಸಿಯಾಗುವ ಮೊದಲೇ ಕಬಡ್ಡಿ ಅಂಕಣಕ್ಕೆ ಇಳಿಸುವ ರೂಢಿ ಕಾಸರಗೋಡಿನಲ್ಲೂ ಇಲ್ಲದಿಲ್ಲ. ಶಾಲೆ ತೆರೆದ ತಿಂಗಳಿಂದಲೇ ವಾರಕ್ಕೆರಡು ದಿನ ಡ್ರಿಲ್ ಪೀರಿಯಡ್ಡಿನ ಮೊದಲ ಹದಿನೈದು ನಿಮಿಷ ಇದಕ್ಕೆ ಮೀಸಲಾಗಲಿ. ಮತ್ತೊಂದು ಮಾತು: ಆಡುವಾಗ ಮೊಣಕಾಲಿನಲ್ಲಿ 'ಟಕ್' ಎಂದು, ಕೆಲವೇ ಗಂಟೆಗಳಲ್ಲಿ ಬಾತರೆ ತಿಕ್ಕಬಾರದು. ಕಾಲಿಗೆ ಭಾರ ಬೀಳದಂತೆ ನೋಡಿಕೊಂಡು, ಘಟ್ಟ ಇಳಿದಾದರೂ ಎಲುಬಿನ ವೈದ್ಯರಿಗೆ ತೋರಿಸಬೇಕು.