ಒಂದು ಬಿಳಿಯ ಪುಡಿ, ಮೂರು ಬಾಗಿಲು

ಗೋಡೆಯ ಬಣ್ಣ, ಹಲ್ಲುಜ್ಜುವ ಪೇಸ್ಟು, ಮುಖಕ್ಕೆ ಹಚ್ಚುವ ಕ್ರೀಮು, ಮಾತ್ರೆಯ ಮೇಲಿನ ಲೇಪ, ಅಂಗಡಿಯ ಮಿಠಾಯಿ. ಇವು ಒಂದಕ್ಕೊಂದು ನಂಟಿಲ್ಲದ ವಸ್ತುಗಳೆಂದು ತೋರುತ್ತವೆ. ಆದರೆ ಇವುಗಳಲ್ಲಿ ಅನೇಕಕ್ಕೆ ಬಿಳುಪನ್ನು ಕೊಡುವ ಪದಾರ್ಥ ಒಂದೇ. ಅದೇ ಟೈಟಾನಿಯಂ ಡೈಆಕ್ಸೈಡ್. ಇದು ವಿಷವೆಂದು ಹೆದರಿಸುವವರೂ ಇದ್ದಾರೆ, ಏನೂ ಆಗದೆಂದು ತಳ್ಳಿಹಾಕುವವರೂ ಇದ್ದಾರೆ. ಶರಣರು ಕಾಯವನ್ನು ಕಡೆಗಣಿಸಿದವರಲ್ಲ. ಕಾಯ ಸುಸ್ಥಿತಿಯಲ್ಲಿದ್ದರೆ ತಾನೆ ಕಾಯಕ, ದಾಸೋಹ? ಆದುದರಿಂದ ಸದ್ಭಕ್ತರು ಈ ಪದಾರ್ಥವನ್ನು ಅಂಜದೆ, ಅಲಕ್ಷಿಸದೆ ಅರಿತುಕೊಳ್ಳುವುದು ಒಳಿತೆಂದು ಭಾವಿಸಿ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಕಪ್ಪು ಮರಳಿನಿಂದ ಬಿಳಿಯ ಪುಡಿ

1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪಾದ್ರಿ ವಿಲಿಯಂ ಗ್ರೆಗರ್ ಅವರು ಕಪ್ಪು ಮರಳಿನಲ್ಲಿ ಹೊಸದೊಂದು ಲೋಹದ ಅಂಶವನ್ನು ಕಂಡರು. 1795ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಕ್ಲಾಪ್ರೋತ್ ಅವರು ಅದನ್ನೇ ರೂಟೈಲ್ ಎಂಬ ಖನಿಜದಲ್ಲಿ ಗುರುತಿಸಿ, ಟೈಟಾನಿಯಂ ಎಂದು ಹೆಸರಿಟ್ಟರು. ನಮ್ಮ ದೇಶದಲ್ಲಿ ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿ, ಒಡಿಶಾದ ಛತ್ರಪುರ ಇವುಗಳ ಕಡಲತೀರದ ಮರಳಿನಲ್ಲಿ ಇದರ ಅದಿರು ದೊರೆಯುತ್ತದೆ. ಹಿಂದೆ ಬಿಳಿಯ ಬಣ್ಣಕ್ಕೆ ಸೀಸದ ಸಂಯುಕ್ತವನ್ನು ಬಳಸುತ್ತಿದ್ದರು. ಅದು ನಿಶ್ಚಿತವಾದ ವಿಷ. ಅದರ ಸ್ಥಾನವನ್ನು ಟೈಟಾನಿಯಂ ಡೈಆಕ್ಸೈಡ್ ಆಕ್ರಮಿಸಿದ್ದು ಆರೋಗ್ಯದ ದೃಷ್ಟಿಯಿಂದ ಉಪಕಾರವೇ ಆಯಿತೆಂಬುದನ್ನು ಮರೆಯಲಾಗದು.

ರೂಪ ಬೇರೆ, ಗುಣ ಬೇರೆ

ಟೈಟಾನಿಯಂನ ಒಂದು ಪರಮಾಣುವಿಗೆ ಆಮ್ಲಜನಕದ ಎರಡು ಪರಮಾಣುಗಳು ಎಂಬುದು ಇದರ ರಚನೆ. ಆದರೆ ಅದೇ ಇಟ್ಟಿಗೆಯಿಂದ ಬೇರೆ ಬೇರೆ ಬಗೆಯ ಗೋಡೆ ಕಟ್ಟುವಂತೆ, ನಿಸರ್ಗವು ಈ ಪರಮಾಣುಗಳನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ಜೋಡಿಸಿದೆ: ರೂಟೈಲ್, ಅನಟೇಸ್ ಮತ್ತು ಬ್ರೂಕೈಟ್. ರೂಟೈಲ್ ಹೆಚ್ಚು ಸ್ಥಿರವಾದುದು. ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ವಜ್ರವನ್ನೂ ಮೀರಿಸುತ್ತದೆ. ಅನಟೇಸ್ ಬೆಳಕಿಗೆ ಹೆಚ್ಚು ಚುರುಕಾಗಿ ಸ್ಪಂದಿಸುತ್ತದೆ; ಬಹಳ ಕಾಯಿಸಿದರೆ ರೂಟೈಲಾಗಿ ಮಾರ್ಪಡುತ್ತದೆ. ಬ್ರೂಕೈಟ್ ವಿರಳ.

ಕಣದ ಗಾತ್ರವೂ ಗುಣವನ್ನು ನಿರ್ಣಯಿಸುತ್ತದೆ. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗವೇ ನ್ಯಾನೊಮೀಟರ್. 200ರಿಂದ 300 ನ್ಯಾನೊಮೀಟರ್ ಗಾತ್ರದ ಕಣಗಳು ಬೆಳಕನ್ನು ಚೆನ್ನಾಗಿ ಚದುರಿಸುವುದರಿಂದ ಅಚ್ಚ ಬಿಳುಪು ಕಾಣುತ್ತದೆ. 100 ನ್ಯಾನೊಮೀಟರಿಗಿಂತ ಕಿರಿದಾದ ಕಣಗಳಿರುವ ಲೇಪವಾದರೋ ಬಹುಮಟ್ಟಿಗೆ ಪಾರದರ್ಶಕ. ಆದರೂ ಬಿಸಿಲಿನ ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಬಿಸಿಲಿನಿಂದ ಕಾಪಾಡುವ ಕ್ರೀಮುಗಳ ಗುಟ್ಟು ಇದೇ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಅವರು ಬೆಳಕು ಬಿದ್ದ ಟೈಟಾನಿಯಂ ಡೈಆಕ್ಸೈಡ್ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆಯಬಲ್ಲದೆಂದು ತೋರಿಸಿದರು. ತಾನೇ ಶುಚಿಯಾಗುವ ಗಾಜು, ಗಾಳಿಯನ್ನೂ ನೀರನ್ನೂ ಶುದ್ಧಿಗೊಳಿಸುವ ಲೇಪಗಳು ಇದೇ ಗುಣವನ್ನು ಆಧರಿಸಿವೆ. ಇವಕ್ಕಾಗಿ ಇದನ್ನು ಸೂಕ್ಷ್ಮವಾದ ಕೊಳವೆ, ತಂತಿ, ತೆಳುಪದರಗಳ ರೂಪದಲ್ಲಿಯೂ ತಯಾರಿಸುತ್ತಾರೆ.

ದೇಹದ ಮೂರು ಬಾಗಿಲುಗಳು

ಈ ಪದಾರ್ಥ ಒಳ್ಳೆಯದೋ ಕೆಟ್ಟದೋ ಎಂದು ಕೇಳುವುದಕ್ಕಿಂತ, ಅದು ದೇಹವನ್ನು ಯಾವ ಬಾಗಿಲಿನಿಂದ ಮುಟ್ಟುತ್ತದೆ ಎಂದು ಕೇಳುವುದು ಸರಿಯಾದ ಕ್ರಮ.

ಮೊದಲನೆಯದು ಚರ್ಮ. ಗಾಯವಿಲ್ಲದ ಚರ್ಮದ ಮೇಲೆ ಹಚ್ಚಿದ ಕಣಗಳು ಹೊರಪದರದಲ್ಲಿಯೇ ಉಳಿಯುತ್ತವೆಂದು ಅಧ್ಯಯನಗಳು ತಿಳಿಸಿವೆ. ಬೆಳಕಿಗೆ ಅವು ಚುರುಕಾಗಿ ವರ್ತಿಸದಂತೆ ಕಣಗಳಿಗೆ ಸಿಲಿಕಾ ಅಥವಾ ಅಲ್ಯುಮಿನಾದ ಹೊದಿಕೆಯನ್ನೂ ಕೊಡುತ್ತಾರೆ. ಐರೋಪ್ಯ ಒಕ್ಕೂಟವು ಇಂತಹ ಕ್ರೀಮುಗಳಲ್ಲಿ ಇದನ್ನು 25 ಪ್ರತಿಶತದವರೆಗೆ ಬಳಸಲು ಅನುಮತಿಸಿದೆ.

ಎರಡನೆಯದು ಬಾಯಿ. ಇಲ್ಲಿ ತಜ್ಞರಲ್ಲಿ ಒಮ್ಮತವಿಲ್ಲ. ಇದು ವಂಶವಾಹಿಗಳಿಗೆ ಹಾನಿ ಮಾಡುವುದಿಲ್ಲವೆಂದು ಖಚಿತವಾಗಿ ಹೇಳಲಾಗದ ಕಾರಣ, ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2021ರಲ್ಲಿ ಇದನ್ನು ಆಹಾರದಲ್ಲಿ ಸುರಕ್ಷಿತವೆಂದು ಪರಿಗಣಿಸಲಾಗದೆಂದಿತು. 2022ರಲ್ಲಿ ಐರೋಪ್ಯ ಒಕ್ಕೂಟವು ಆಹಾರದಲ್ಲಿ ಇದರ ಬಳಕೆಯನ್ನು ನಿಷೇಧಿಸಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಆಹಾರ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯಾದರೋ 2023ರಲ್ಲಿ ಪುನಃ ಪರಿಶೀಲಿಸಿ, ಸೇವನೆಗೆ ಮಿತಿ ಗೊತ್ತುಪಡಿಸುವ ಅಗತ್ಯವಿಲ್ಲವೆಂಬ ತನ್ನ ಹಿಂದಿನ ನಿಲುವನ್ನೇ ಉಳಿಸಿಕೊಂಡಿತು.

ಮೂರನೆಯದು ಉಸಿರು. ಹೆಚ್ಚಿನ ಎಚ್ಚರ ಬೇಕಾದುದು ಇಲ್ಲಿ. ಇಲಿಗಳು ಈ ಧೂಳನ್ನು ಬಹುವಾಗಿ ಉಸಿರಾಡಿದ ಪ್ರಯೋಗಗಳಲ್ಲಿ ಶ್ವಾಸಕೋಶದ ಗಡ್ಡೆಗಳು ಕಂಡುಬಂದುದರಿಂದ, ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಇದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳ 2ಬಿ ಗುಂಪಿಗೆ ಸೇರಿಸಿದೆ. ಮನುಷ್ಯರ ವಿಷಯದಲ್ಲಿ ಅಷ್ಟು ಸಾಕ್ಷ್ಯ ದೊರೆತಿಲ್ಲವಾದರೂ ಧೂಳಿನಿಂದ ದೂರವಿರುವುದೇ ವಿವೇಕ.

ನಾವು ಮಾಡಬಹುದಾದುದು

ಹಬ್ಬ, ಜಾತ್ರೆಗಳ ಮುನ್ನ ಮನೆಗೆ ಬಣ್ಣ ಹೊಡೆಸುವಾಗ ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬಾರದು. ನೀರು ಚಿಮುಕಿಸಿ ಕೆರೆಯಬೇಕು. ಹಳೆಯ ಬಣ್ಣದಲ್ಲಿ ಸೀಸವೂ ಇರಬಹುದು. ಮಕ್ಕಳನ್ನು ಆಚೆ ಕಳುಹಿಸಬೇಕು. ಬಣ್ಣದ ಕಾಯಕ ಮಾಡುವ ಬಂಧುಗಳಿಗೆ ಧೂಳು ತಡೆಯುವ ಮುಖಗವಸನ್ನು ಒದಗಿಸುವುದು ಮನೆಯವರ ಧರ್ಮ. ನಮ್ಮ ಮನೆಯ ಕೆಲಸ ಮೂರು ದಿನದ್ದಾದರೆ ಅವರದು ವರ್ಷವಿಡೀ ಅದೇ ಧೂಳು. ಗೋಡೆಯ ಮೇಲೆ ಒಣಗಿ ನಿಂತ ಬಣ್ಣಕ್ಕೆ ಅಂಜಬೇಕಾಗಿಲ್ಲ.

ಬಿಸಿಲಿಗೆ ಹಚ್ಚುವುದಾದರೆ ಸಿಂಪಡಿಸುವ ಸ್ಪ್ರೇಗಿಂತ ಕ್ರೀಮು ಮೇಲು. ಹಸುಳೆಗಳ ಮುಖದ ಬಳಿ ಯಾವ ಪೌಡರನ್ನೂ ಉದುರಿಸಬಾರದು. ಮಿಠಾಯಿ, ಚ್ಯೂಯಿಂಗ್ ಗಮ್ ಕೊಳ್ಳುವಾಗ ಪೊಟ್ಟಣದ ಮೇಲೆ 171 ಎಂಬ ಸಂಖ್ಯೆ ಇದೆಯೇ ಎಂದು ನೋಡಬೇಕು. ಅದು ಈ ಪದಾರ್ಥದ ಗುರುತು. ಆಹಾರದಲ್ಲಿ ಇದು ಬಣ್ಣಕ್ಕಾಗಿ ಮಾತ್ರ ಇರುತ್ತದೆ, ಪೋಷಣೆ ಕೊಡುವುದಿಲ್ಲ. ಆದುದರಿಂದ ಮಕ್ಕಳಿಗೆ ಬಿಟ್ಟರೆ ನಷ್ಟವಿಲ್ಲ. ಆದರೆ ಮಾತ್ರೆಯ ಲೇಪದಲ್ಲಿ ಇದು ಇದೆಯೆಂದು ರಕ್ತದೊತ್ತಡದ, ಸಕ್ಕರೆ ಕಾಯಿಲೆಯ ಔಷಧವನ್ನು ಯಾರೂ ನಿಲ್ಲಿಸಕೂಡದು. ಆ ಲೇಪದ ಪ್ರಮಾಣ ಅತ್ಯಲ್ಪ. ಔಷಧ ನಿಲ್ಲಿಸಿದರೆ ಬರುವ ಕೇಡು ದೊಡ್ಡದು. ಐರೋಪ್ಯ ಒಕ್ಕೂಟವೂ ಔಷಧಗಳಲ್ಲಿ ಇದನ್ನು ಮುಂದುವರಿಸಿದೆ. ಸಂದೇಹವಿದ್ದರೆ ವೈದ್ಯರನ್ನೇ ಕೇಳಬೇಕು.

ಬಿಳುಪನ್ನು ಶುದ್ಧಿಯ ಗುರುತೆಂದು ಭಾವಿಸುವುದು ನಮ್ಮಲ್ಲಿ ರೂಢಿ. ಉಣ್ಣುವ ಪದಾರ್ಥದ ಮಟ್ಟಿಗೆ ಆ ರೂಢಿಯನ್ನು ತುಸು ಸಡಿಲಿಸೋಣ. ಬೆಲ್ಲಕ್ಕೆ ಬೆಲ್ಲದ ಬಣ್ಣವೇ ಇರಲಿ, ಹಾಲಿನ ಪೇಡೆಗೆ ಹಾಲಿನ ಬಣ್ಣವೇ ಇರಲಿ.