ಕ್ಯಾಮೆರಾ ಯಾರ ಮೇಲಿರಬೇಕು? ಅದಕ್ಕೂ ಒಂದು ಪ್ರಶಸ್ತಿ ಇದೆ

2018ರ ಎಮ್ಮಿ ವೇದಿಕೆಯಲ್ಲೇ ಗ್ಲೆನ್ ವೈಸ್ ತಮ್ಮ ಗೆಳತಿಯನ್ನು ‘ಮದುವೆ ಆಗ್ತೀಯಾ’ ಅಂತ ಕೇಳಿದ್ದ ವಿಡಿಯೊ ನೀವೂ ನೋಡಿರಬಹುದು. ಅವರಿಗೆ ಪ್ರಶಸ್ತಿ ಬಂದಿದ್ದು ಯಾಕೆ ಅನ್ನೋದು ಮಾತ್ರ ಯಾರಿಗೂ ನೆನಪಿಲ್ಲ. ಆಸ್ಕರ್ ಸಮಾರಂಭದ ನೇರಪ್ರಸಾರವನ್ನು ನಿರ್ದೇಶಿಸಿದ್ದಕ್ಕೆ!

ಎಂಜಿನಿಯರಿಂಗ್ ಓದಿದ ನನ್ನ ತಲೆಗೆ ಇದು ಬರೀ ಸ್ವಿಚಿಂಗ್ ಅನ್ನಿಸಿತ್ತು. ಹತ್ತಾರು ಇನ್‌ಪುಟ್, ಒಂದೇ ಔಟ್‌ಪುಟ್. ಕಂಟ್ರೋಲ್ ರೂಮಿನಲ್ಲಿ ನಿರ್ದೇಶಕರು ಕ್ಯಾಮೆರಾ ನಂಬರ್ ಕೂಗ್ತಾರೆ, ಪಕ್ಕದವರು ಬಟನ್ ಒತ್ತುತ್ತಾರೆ. ರೀಟೇಕ್ ಇಲ್ಲ.

ಆದರೆ 2017ರ ಆಸ್ಕರ್ ನೋಡಿ. ಅವತ್ತೂ ನಿರ್ದೇಶಕ ವೈಸ್. ತಪ್ಪು ಲಕೋಟೆಯಿಂದಾಗಿ ‘ಲಾ ಲಾ ಲ್ಯಾಂಡ್’ ತಂಡ ವೇದಿಕೆಯಲ್ಲಿ ಧನ್ಯವಾದ ಹೇಳ್ತಿತ್ತು. ಅವರ ಹಿಂದೆಯೇ ಗಡಿಬಿಡಿ ಶುರುವಾಯ್ತು. ನಿರ್ಮಾಪಕ ಜೋರ್ಡನ್ ಹೊರೊವಿಟ್ಜ್ ಸರಿಯಾದ ಕಾರ್ಡ್ ಎತ್ತಿ ಹಿಡಿದರು. ತಕ್ಷಣ ಕ್ಲೋಸಪ್: ‘ಮೂನ್‌ಲೈಟ್’. ಆ ಶಾಟ್ ಇಲ್ಲದಿದ್ದರೆ ಮನೆಯಲ್ಲಿ ಕೂತವರಿಗೆ ಅದು ತಮಾಷೆಯೋ ನಿಜವೋ ತಿಳೀತಿರಲಿಲ್ಲ. ಬ್ರಿಟನ್ನಿನ ಬಾಫ್ಟಾದಲ್ಲಂತೂ ಮಲ್ಟಿ-ಕ್ಯಾಮೆರಾ ನಿರ್ದೇಶನಕ್ಕೇ ಪ್ರತ್ಯೇಕ ವಿಭಾಗವಿದೆ.

ಇದೇ ಬಟನ್ ನಮ್ಮ ಸಂಸತ್ತಿನಲ್ಲೂ ಇದೆ. 2023ರ ಆಗಸ್ಟ್‌ನಲ್ಲಿ ಅವಿಶ್ವಾಸ ಗೊತ್ತುವಳಿ ಮೇಲೆ ರಾಹುಲ್ ಗಾಂಧಿ 37 ನಿಮಿಷ ಮಾತಾಡಿದರು, ಸಂಸದ್ ಟಿವಿ ಅವರನ್ನು ತೋರಿಸಿದ್ದು 14 ನಿಮಿಷ 37 ಸೆಕೆಂಡ್ ಮಾತ್ರ ಅಂತ ಕಾಂಗ್ರೆಸ್ಸಿನ ಜೈರಾಮ್ ರಮೇಶ್ ಲೆಕ್ಕ ಕೊಟ್ಟರು. ಮಣಿಪುರದ ಮಾತು ಬಂದಾಗ ಹೆಚ್ಚು ಹೊತ್ತು ಕಂಡಿದ್ದು ಸ್ಪೀಕರ್ ಮುಖ ಅನ್ನೋದು ಅವರ ದೂರು. ಪಕ್ಷದ ಲೆಕ್ಕ, ನಿಜ. ಆದರೆ ಮಾತಾಡ್ತಿರೋರನ್ನು ಬಿಟ್ಟು ಕೇಳ್ತಿರೋರನ್ನು ತೋರಿಸೋದೂ ಯಾರೋ ಕೂಗಿದ ನಂಬರೇ.

ನಾನೀಗ ಸದನದ ಕಲಾಪ ನೋಡುವಾಗ ಭಾಷಣದ ಜೊತೆ ಕಟ್‌ಗಳನ್ನೂ ಎಣಿಸ್ತೀನಿ.